ಕರಿದ ಮೀನು: ಕೆಲಮಂಗಲದಿಂದ ಲೂಸಿಯಾನದವರೆಗೆ



ಚರಿತ್ರೆ ಎಂದರೆ ರಾಜರು, ಯುದ್ಧಗಳು, ಕೋಟೆಗಳು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತವರು. ಆ ಬಗೆಯ ಚರಿತ್ರೆಯಲ್ಲಿ ನಮ್ಮ ಕೆಲಮಂಗಲಕ್ಕೂ ಒಂದು ಸಾಲು ಇದೆ. 1799ರ ಮಾರ್ಚ್ ತಿಂಗಳಲ್ಲಿ ಜನರಲ್ ಹ್ಯಾರಿಸ್ ನಡೆಸಿದ ಸೈನ್ಯ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೋಗುವಾಗ ಇಲ್ಲಿ ಬೀಡು ಬಿಟ್ಟಿತ್ತು. ಎರಡು ತಿಂಗಳೊಳಗೆ ಟಿಪ್ಪು ಸುಲ್ತಾನ್ ಮಡಿದ. ಹೊಸೂರು ಸೀಮೆ ಕಂಪನಿಯ ಕೈ ಸೇರಿ ಸೇಲಂ ಜಿಲ್ಲೆಗೆ ಸೇರಿತು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗಲೂ ಈ ಸೀಮೆ ಮದರಾಸಿನಲ್ಲಿಯೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಎಂದು ನಮ್ಮ ವಿಳಾಸ ಬದಲಾಗುತ್ತ ಬಂತು. ನಾವು ಮನೆ ಬಿಟ್ಟು ಎಲ್ಲಿಗೂ ಹೋದವರಲ್ಲ. ಗೆರೆಯೇ ಅತ್ತಿತ್ತ ಸರಿಯಿತು.

ಆದರೆ ಈ ದಿನ ನಾನು ಹೇಳಲು ಹೊರಟಿರುವುದು ಯುದ್ಧದ ಚರಿತ್ರೆಯಲ್ಲ, ಬಾಣಲೆಯ ಚರಿತ್ರೆ. ಅದಕ್ಕೆ ಕಾರಣವಾದದ್ದು ಒಂದು ಚಿಕ್ಕ ಡಬ್ಬಿ.

ಅಮೆರಿಕದ ಹ್ಯೂಸ್ಟನ್ ನಗರದಲ್ಲಿರುವ ನನ್ನ ತಂಗಿಯ ಮಗ ಕಳೆದ ಬೇಸಿಗೆಯಲ್ಲಿ ಹೆಂಡತಿ ಮಗಳೊಂದಿಗೆ ಊರಿಗೆ ಬಂದಿದ್ದ. ಚಾಕೊಲೇಟ್ ಪೊಟ್ಟಣಗಳ ಜೊತೆಗೆ ಕೆಂಪು ಪುಡಿಯ ಡಬ್ಬಿಯೊಂದನ್ನೂ ತಂದಿದ್ದ. "ಮಾವ, ಇದು ಕೇಜನ್ ಮಸಾಲೆ. ನಮ್ಮ ಪಕ್ಕದ ಲೂಸಿಯಾನ ರಾಜ್ಯದ್ದು. ಅಲ್ಲಿ ಸೀಗಡಿ, ಮೀನು, ಏಡಿಗೆಲ್ಲ ಇದನ್ನು ಹಚ್ಚಿ ಕರಿದು, ಊಟಕ್ಕೆ ಮುಂಚೆ ತಟ್ಟೆ ತುಂಬ ಇಡುತ್ತಾರೆ" ಎಂದ. ಅದೇ ಸಂಜೆ ನಮ್ಮ ಮನೆಯವರು ಆ ಡಬ್ಬಿಯನ್ನು ಮುಟ್ಟದೆ, ಎಂದಿನಂತೆ ಕೆರೆ ಮೀನಿಗೆ ಖಾರ ಹಚ್ಚಿ ಕರಿದರು. ಹತ್ತು ವರ್ಷದ ಆ ಮಗು ಎರಡು ತುಣುಕು ತಿಂದು, "ಇದೂ ಕೇಜನ್ ಥರಾನೇ ಇದೆ. ತಾತಾ, ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿತು.

"ಫಿಶ್ ಫ್ರೈ" ಎಂದುಬಿಟ್ಟೆ.

ಹೇಳಿದ ಮೇಲೆ ನಾಚಿಕೆಯಾಯಿತು. ನಮ್ಮ ತಾಯಿ ಒಂದು ದಿನವೂ ಆ ಮಾತನ್ನು ಆಡಿದವರಲ್ಲ. ಸಾರಿನ ಮೀನು, ಕರಿದ ಮೀನು, ಸುಟ್ಟ ಮೀನು ಎಂದು ಅವರಿಗೆ ಮೂರು ಮಾತುಗಳಿದ್ದವು. ಅವರು ಹೋಗಿ ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಆ ಮಾತು ನನ್ನ ನಾಲಗೆಯಿಂದಲೇ ಜಾರಿಹೋಗಿತ್ತು. ಆ ರಾತ್ರಿ ಅಳಿಯನನ್ನು ಕೂರಿಸಿಕೊಂಡು ಈ ಕೇಜನ್ ಜನರು ಯಾರು ಎಂದು ವಿಚಾರಿಸಿದೆ. ಆಮೇಲೆ ಗ್ರಂಥಾಲಯದಲ್ಲಿಯೂ ಹುಡುಕಿ ಓದಿದೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಈಗಿನ ಕೆನಡಾ ದೇಶದ ಪೂರ್ವ ಕರಾವಳಿಯಲ್ಲಿ ಅಕೇಡಿಯಾ ಎಂಬ ಸೀಮೆ ಇತ್ತು. ಫ್ರಾನ್ಸಿನಿಂದ ಬಂದ ರೈತರು 1600ರ ದಶಕಗಳಲ್ಲಿ ಅಲ್ಲಿ ನೆಲೆಸಿ, ಸಮುದ್ರದ ಉಬ್ಬರಕ್ಕೆ ಒಡ್ಡು ಹಾಕಿ ಹೊಲ ಮಾಡಿಕೊಂಡಿದ್ದರು. 1713ರ ಒಪ್ಪಂದದಿಂದ ಆ ನೆಲ ಇಂಗ್ಲಿಷರ ಪಾಲಾಯಿತು. ಆ ಜನರೂ ನಮ್ಮ ಹಾಗೆಯೇ ಇದ್ದಲ್ಲೇ ಇದ್ದರು, ಗೆರೆ ಸರಿಯಿತು. ಮುಂದೆ ನಡೆದದ್ದು ಮಾತ್ರ ಬೇರೆ. ಇಂಗ್ಲಿಷ್ ದೊರೆಗೆ ಪೂರ್ಣ ನಿಷ್ಠೆಯ ಪ್ರಮಾಣ ಮಾಡಲು ಅವರು ಒಪ್ಪಲಿಲ್ಲವೆಂದು 1755ರಿಂದ ಊರೂರುಗಳನ್ನೇ ಹಡಗಿಗೆ ಹತ್ತಿಸಿ ಹೊರದೂಡಿದರು. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ದಿಕ್ಕಾಪಾಲಾದರು. ಹಡಗಿನಲ್ಲಿ, ರೋಗದಲ್ಲಿ ಸಾವಿರಾರು ಜನ ಸತ್ತರು. ಉಳಿದವರಲ್ಲಿ ಒಂದು ಭಾಗ 1764ರಿಂದ ಲೂಸಿಯಾನದ ಜೌಗು ಸೀಮೆಗೆ ಬಂದು ಸೇರಿತು. 1785ರಲ್ಲಿ ಫ್ರಾನ್ಸಿನಿಂದ ಏಳು ಹಡಗುಗಳಲ್ಲಿ ಸುಮಾರು 1,600 ಮಂದಿ ಬಂದು ಕೂಡಿಕೊಂಡರು. ಅಕೇಡಿಯನ್ ಎಂಬ ಹೆಸರು ಬಾಯಿಂದ ಬಾಯಿಗೆ ಸವೆದು 'ಕೇಡಿಯನ್' ಆಗಿ, ಕೊನೆಗೆ 'ಕೇಜನ್' ಆಯಿತು. ನಮ್ಮ ಕೆಲಮಂಗಲ ಬೋರ್ಡಿನ ಮೇಲೆ ಕೆಲಮಂಗಲಂ ಆದ ಹಾಗೆ ಎನ್ನಿ.

ಚಳಿನಾಡಿನಿಂದ ಬಂದ ಈ ಜನರಿಗೆ ಲೂಸಿಯಾನದಲ್ಲಿ ಸಿಕ್ಕಿದ್ದು ಸೆಕೆ, ಸೊಳ್ಳೆ, ಕೆಸರು, ಮತ್ತು ನೀರು ತುಂಬ ಮೀನು. ತಂದ ಅಡುಗೆ ಅಲ್ಲಿ ನಡೆಯಲಿಲ್ಲ. ಗೋಧಿಯ ಬದಲು ಮೆಕ್ಕೆಜೋಳ ಮತ್ತು ಅಕ್ಕಿ ಬಂತು. ಮೂಲನಿವಾಸಿಗಳಿಂದ ಮೆಕ್ಕೆಜೋಳದ ಹಿಟ್ಟನ್ನೂ, ಆಫ್ರಿಕದಿಂದ ಗುಲಾಮರಾಗಿ ಬಂದವರಿಂದ ಬೆಂಡೆಕಾಯಿಯನ್ನೂ, ಸ್ಪೇನಿನ ಆಡಳಿತದ ಕಾಲದಲ್ಲಿ ಖಾರವನ್ನೂ ಕಲಿತರು. ಜೌಗಿನ ಬೆಕ್ಕುಮೀನು, ಸೀಗಡಿ, ಚಿಪ್ಪುಮೀನುಗಳನ್ನು ಮಜ್ಜಿಗೆಯಲ್ಲಿ ಅದ್ದಿ, ಖಾರ ಬೆರೆಸಿದ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ, ಕಾದ ಕೊಬ್ಬಿನಲ್ಲಿ ಕರಿಯುವುದು ಹೀಗೆ ಬಂದ ಬಡವರ ಅಡುಗೆ. ಅದು ಹೋಟೆಲಿನ ಅಡುಗೆಯಾದದ್ದು ತೀರ ಈಚೆಗೆ. ಪಾಲ್ ಪ್ರುಡೋಮ್ ಎಂಬ ಕೇಜನ್ ಅಡುಗೆಯವರು 1979ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಹೋಟೆಲು ತೆರೆದು, ಮಸಾಲೆ ಹಚ್ಚಿದ ಕೆಂಪು ಮೀನನ್ನು ಕೆಂಡದಂತೆ ಕಾದ ಕಬ್ಬಿಣದ ತವದ ಮೇಲೆ ಕಪ್ಪಾಗುವಂತೆ ಸುಡಲು ಆರಂಭಿಸಿದರು. ಆ ರುಚಿಗೆ ದೇಶವೇ ಮುಗಿಬಿತ್ತು. ಕೆಲವೇ ವರ್ಷಗಳಲ್ಲಿ ಸಮುದ್ರದಲ್ಲಿ ಆ ಮೀನೇ ಕಡಿಮೆಯಾಗಿ, 1980ರ ದಶಕದ ಕೊನೆಯಲ್ಲಿ ಅದನ್ನು ವ್ಯಾಪಾರಕ್ಕೆ ಹಿಡಿಯುವುದಕ್ಕೆ ಸರ್ಕಾರ ತಡೆ ಹಾಕಬೇಕಾಯಿತು.

ಅವರ ಭಾಷೆಯ ಕಥೆ ಇನ್ನೂ ಕೇಳಬೇಕಾದದ್ದು. 1921ರ ಲೂಸಿಯಾನ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷೊಂದೇ ಇರಬೇಕೆಂದು ವಿಧಿಸಿತು. ಶಾಲೆಯ ಅಂಗಳದಲ್ಲಿ ಫ್ರೆಂಚ್ ಆಡಿದ ಮಕ್ಕಳಿಗೆ ಏಟು ಬಿದ್ದದ್ದುಂಟು. ಇನ್ನು ಮೇಲೆ ಫ್ರೆಂಚ್ ಆಡುವುದಿಲ್ಲವೆಂದು ನೂರಾರು ಸಾಲು ಬರೆಸಿದ್ದುಂಟು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳೊಡನೆ ಫ್ರೆಂಚ್ ಆಡುವುದನ್ನೇ ಬಿಟ್ಟರು. 1968ರಲ್ಲಿ ಫ್ರೆಂಚ್ ಉಳಿಸಲೆಂದು ಸರ್ಕಾರವೇ ಒಂದು ಮಂಡಳಿ ಮಾಡುವ ಹೊತ್ತಿಗೆ ಒಂದು ತಲೆಮಾರು ಕೈ ಜಾರಿತ್ತು. ಅಡುಗೆ ಜಗತ್ತಿಗೆಲ್ಲ ಹಬ್ಬಿತು, ಅಡುಗೆಯವರ ಮಾತು ಮನೆಯಲ್ಲೇ ಬತ್ತಿತು.

ನಮಗೆ ಇಲ್ಲಿ ಅಂಥ ಕಷ್ಟ ಬಂದಿಲ್ಲ. ಆ ಹೋಲಿಕೆಯನ್ನು ಎಳೆಯಬಾರದು. ನಮ್ಮನ್ನು ಯಾರೂ ಹಡಗಿಗೆ ಹತ್ತಿಸಲಿಲ್ಲ. ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಒಂದೇ ತರಕಾರಿ ಗಾಡಿಯ ಸುತ್ತ ನಿಂತು ಚೌಕಾಸಿ ಮಾಡುವ ಊರು ನಮ್ಮದು. ಆದರೂ ಮನೆಯೊಳಗೆ ಮಾತು ಬತ್ತುವುದಕ್ಕೆ ಏಟೇ ಬೇಕೆಂದಿಲ್ಲ, ಸೋಮಾರಿತನವೂ ಸಾಕು. ಅದಕ್ಕೆ ನನ್ನ "ಫಿಶ್ ಫ್ರೈ" ಸಾಕ್ಷಿ.

ಈಗ ನಮ್ಮ ಕಡೆಯ ಬಾಣಲೆಗೆ ಬರೋಣ. ಕನ್ನಡದಲ್ಲಿ ಹಳೆಯ ಅಡುಗೆ ಬರಹಗಳಿಲ್ಲವೆಂದಲ್ಲ. ಸುಮಾರು 1025ರ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕದ ಭಾಗವಿದೆ. 1508ರ ಸುಮಾರಿಗೆ ಮಂಗರಸ 'ಸೂಪಶಾಸ್ತ್ರ'ವನ್ನೇ ಬರೆದ. ಇವೆರಡರಲ್ಲಿಯೂ ಇರುವುದು ಸಸ್ಯಾಹಾರ. ಮೀನಿನ ವಿಷಯಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಬಳಿಗೆ ಹೋಗಬೇಕು. ಕನ್ನಡ ನಾಡನ್ನು ಆಳಿದ ಈ ದೊರೆ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮೀನು ಹಿಡಿಯುವ ವಿನೋದಕ್ಕೇ ಒಂದು ಅಧ್ಯಾಯವಿದೆ. ಅದರಲ್ಲಿ ಸುಮಾರು ಮೂವತ್ತೈದು ಬಗೆಯ ಮೀನುಗಳ ವಿವರವಿದೆ. ಯಾವ ಮೀನಿಗೆ ಯಾವ ಮೇವು ಹಾಕಬೇಕೆಂದೂ ಹೇಳಿದೆ. ಎಸ್. ಎಲ್. ಹೋರಾ ಎಂಬ ಮತ್ಸ್ಯಶಾಸ್ತ್ರಜ್ಞರು 1951ರಲ್ಲಿ ಇದನ್ನು ವಿಜ್ಞಾನಿಗಳ ಗಮನಕ್ಕೆ ತಂದರು.

ಅದೇ ಗ್ರಂಥದ ಅಡುಗೆಯ ಭಾಗದಲ್ಲಿ ಮೀನು ಕರಿಯುವ ಕ್ರಮವೂ ಇದೆ. ಮೀನನ್ನು ತುಂಡು ಮಾಡಿ ಚೆನ್ನಾಗಿ ತೊಳೆದು, ಹುಣಸೆಯ ರಸ ಸೇರಿಸಿ, ಗೋಧಿ ಹಿಟ್ಟನ್ನು ಧಾರಾಳವಾಗಿ ಉದುರಿಸಿ, ಕಾದ ಎಣ್ಣೆಯಲ್ಲಿ ಕೆಂಪಗೆ ಕರಿದು, ಸೈಂಧವ ಉಪ್ಪು, ಏಲಕ್ಕಿ ಪುಡಿ, ಮೆಣಸಿನ ಪುಡಿ ಹಾಕಬೇಕು. ಸುಮಾರು ಒಂಬೈನೂರು ವರ್ಷದ ಹಿಂದಿನ ಈ ಕ್ರಮಕ್ಕೂ ಲೂಸಿಯಾನದ ಕ್ರಮಕ್ಕೂ ವ್ಯತ್ಯಾಸ ಎಷ್ಟು ಹೇಳಿ? ಹುಳಿ, ಹಿಟ್ಟು, ಕಾದ ಎಣ್ಣೆ, ಖಾರ. ನಾಲ್ಕೂ ಅಲ್ಲಿವೆ, ನಾಲ್ಕೂ ಇಲ್ಲಿವೆ.

ಒಂದೇ ಒಂದು ಸಾಮಾನು ಸೋಮೇಶ್ವರನ ಅಡುಗೆಮನೆಯಲ್ಲಿ ಇರಲಿಲ್ಲ. ಅದು ಮೆಣಸಿನಕಾಯಿ. ಅಮೆರಿಕ ಖಂಡದ ಈ ಕಾಯಿಯನ್ನು ಪೋರ್ಚುಗೀಸರು 1500ರ ದಶಕಗಳಲ್ಲಿ ಗೋವೆಯ ದಾರಿಯಾಗಿ ತಂದರು. ಅದಕ್ಕೆ ಮುಂಚೆ ಖಾರವೆಂದರೆ ಮೆಣಸೇ. ಹೊಸ ಕಾಯಿ ಬಂದಾಗ ನಮ್ಮವರು ಹೊಸ ಹೆಸರು ಹುಡುಕದೆ ಮೆಣಸಿನ ಹಾಗಿರುವ ಕಾಯಿ, ಮೆಣಸಿನಕಾಯಿ ಎಂದರು. ತಮಿಳರು ಮಿಳಗಿನಿಂದ ಮಿಳಗಾಯ್ ಮಾಡಿದರು. ತೆಲುಗರು ಮಿರಿಯಾಲಿನಿಂದ ಮಿರಪಕಾಯ ಮಾಡಿದರು. ನಮ್ಮ ಬೀದಿಯ ಮೂರು ಭಾಷೆಗಳೂ ಒಂದೇ ಬುದ್ಧಿ ಓಡಿಸಿವೆ. ಕೊನೆಗೆ ಹೊಸಬ ಮನೆಯ ಯಜಮಾನನಾದ, ಹಳೆಯ ಮೆಣಸು ತನ್ನ ಹೆಸರಿಗೆ 'ಕಾಳು' ಅಥವಾ 'ಕರಿ' ಅಂಟಿಸಿಕೊಳ್ಳಬೇಕಾಯಿತು. ಮೆಕ್ಕೆಜೋಳ, ಕಡಲೆಕಾಯಿಗಳೂ ಅಮೆರಿಕದವೇ. ಆದ್ದರಿಂದ ಕಡಲೆಕಾಯಿ ಎಣ್ಣೆಯಲ್ಲಿ ಮೆಣಸಿನಕಾಯಿ ಹಚ್ಚಿದ ಮೀನು ಕರಿಯುವ ನಾವು ಆ ಮಗು ಹೇಳಿದ ಹಾಗೆ ಅರ್ಧ ಕೇಜನ್ನರೇ.

ಇನ್ನು ಮೀನು. ಕೆಲಮಂಗಲ ಸಮುದ್ರದಿಂದ ದೂರದ, ಎತ್ತರದ ರಾಗಿ ಸೀಮೆ. ಕಡಲಿನದು ಎಂದರೆ ನಮ್ಮ ಬಾಲ್ಯದಲ್ಲಿ ಸಂತೆಗೆ ಬರುತ್ತಿದ್ದ ಒಣಮೀನು ಮತ್ತು ಒಣಸೀಗಡಿ ಮಾತ್ರ. ಹಸಿ ಮೀನೆಂದರೆ ಕೆರೆಯದು. ಕೊರವ, ಚೇಳು ಮೀನು, ಬಾಳೆ ಮೀನು, ಹಾವು ಮೀನು, ಗದ್ದೆಯ ಏಡಿ. ಬೇಸಿಗೆಯಲ್ಲಿ ಕೆರೆ ಇಳಿದಾಗ ಊರೇ ಕುಕ್ಕೆ ಹಿಡಿದು ಕೆಸರಿಗೆ ಇಳಿಯುತ್ತಿತ್ತು. ಆ ದಿನ ನಮ್ಮ ತಾಯಿ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ ಕರಿಯುತ್ತಿದ್ದರು. ಮನೆಯೊಳಗೆ ವಾಸನೆ ಬರಬಾರದೆಂದು ಅಜ್ಜಿಯ ಕಟ್ಟಪ್ಪಣೆ.

ಆಮೇಲೆ ಕೆರೆಯ ಮೀನೇ ಬದಲಾಯಿತು. ಆಫ್ರಿಕ ಮೂಲದ ತಿಲಾಪಿಯ 1952ರಲ್ಲಿ ಭಾರತಕ್ಕೆ ಬಂತು. ನಮ್ಮ ಕಡೆ ಅದಕ್ಕೆ ಜಿಲೇಬಿ ಎಂದು ಹೆಸರು. ಕಟ್ಲಾ, ರೋಹು, ಮೃಗಾಲ್ ಉತ್ತರದ ನದಿಗಳವು. ಹರಿಯುವ ನೀರಿನಲ್ಲಷ್ಟೇ ಮೊಟ್ಟೆಯಿಡುವ ಅವು ಕೆರೆಯಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಒರಿಸ್ಸಾದಲ್ಲಿ ಈ ಜಾತಿಯ ಮೀನುಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಅಲ್ಲಿಂದ ಮುಂದೆ ಮರಿಯನ್ನು ಬೇಕಾದ ಊರಿಗೆ ಸಾಗಿಸಿ ಬಿಡುವುದು ಸಾಧ್ಯವಾಯಿತು. ಅದೇ ಸುಮಾರಿಗೆ ತೆಂಪೆಣ್ಣೈ, ಅಂದರೆ ನಮ್ಮ ದಕ್ಷಿಣ ಪಿನಾಕಿನಿಗೆ ಕೃಷ್ಣಗಿರಿ ಅಣೆಕಟ್ಟು ಎದ್ದಿತು. ಇಂದಿಗೂ ಅಣೆ ನೋಡಲು ಹೋದವರು ಅಲ್ಲಿನ ಅಂಗಡಿಗಳಲ್ಲಿ ಕೆಂಪಗೆ ಕರಿದ ಮೀನು ತಿನ್ನದೆ ಬರುವುದು ಅಪರೂಪ. 1973-74ರಿಂದ ಮೀನು ಸಾಕಣೆದಾರರ ಅಭಿವೃದ್ಧಿ ಸಂಸ್ಥೆಗಳು ಬಂದ ಮೇಲೆ ಕೆರೆ ಗುತ್ತಿಗೆ, ಮರಿ, ಬಲೆ ಎಂದು ಸಾಲಗಳು ಹೊರಟವು. ಬ್ಯಾಂಕಿನ ಲೆಡ್ಜರಿನಲ್ಲಿ ಅಂಥ ಖಾತೆಗಳನ್ನು ನಾನೂ ಬರೆದಿದ್ದೇನೆ. ಮಳೆ ಬಂದ ವರ್ಷ ಕಂತು ಬರುತ್ತಿತ್ತು, ಬಾರದ ವರ್ಷ ಸಾಲಗಾರ ಬರುತ್ತಿದ್ದ, ಕಂತು ಬರುತ್ತಿರಲಿಲ್ಲ.

ಈಗ ಹೊಸೂರಿನ ಅಂಗಡಿಗಳಲ್ಲಿ ಮಂಜುಗಡ್ಡೆಯ ಮೇಲೆ ಕಡಲ ಮೀನೂ ಸೀಗಡಿಯೂ ಸಿಗುತ್ತವೆ. ಆ ಬಿಳಿ ಸೀಗಡಿ ಬಹುಮಟ್ಟಿಗೆ ವನ್ನಾಮಿ ಎಂಬ ಜಾತಿಯದು. ಅದೂ ಅಮೆರಿಕ ಖಂಡದ ಪಶ್ಚಿಮ ಕರಾವಳಿಯದೇ. 2009ರಲ್ಲಿ ಅದನ್ನು ಸಾಕಲು ನಮ್ಮ ಸರ್ಕಾರ ಅನುಮತಿ ಕೊಟ್ಟಿತು. ಆಂಧ್ರದ ಕೊಳಗಳಲ್ಲಿ ಬೆಳೆದ ಆ ಸೀಗಡಿ ಎಷ್ಟೊಂದು ಅಮೆರಿಕಕ್ಕೆ ಹೋಯಿತೆಂದರೆ, ತಮ್ಮ ಬಲೆಗೆ ಬಿದ್ದದ್ದಕ್ಕೆ ಬೆಲೆಯೇ ಇಲ್ಲವೆಂದು ಲೂಸಿಯಾನದ ಮೀನುಗಾರರು ದೂರಿದರು. ಹೊರದೇಶದ ಸೀಗಡಿಯಾದರೆ ಹಾಗೆಂದು ಗಿರಾಕಿಗೆ ತಿಳಿಸಬೇಕೆಂದು 2019ರಲ್ಲಿ ಅಲ್ಲಿ ಹೋಟೆಲುಗಳಿಗೆ ಕಾನೂನು ಬಂತು. ನಮ್ಮ ಅಳಿಯ ಅಲ್ಲಿ ಕೇಜನ್ ಎಂದು ತಿಂದದ್ದು ನಮ್ಮ ನೆಲ್ಲೂರಿನ ಕಡೆಯದೂ ಆಗಿರಬಹುದು!

ಇಷ್ಟು ಚರಿತ್ರೆಯಾದ ಮೇಲೆ ಮಾಡುವ ಕ್ರಮ ಹೇಳದಿದ್ದರೆ ನೀವು ಕ್ಷಮಿಸುವುದಿಲ್ಲ. ಕೇಜನ್ ಪುಡಿಯಲ್ಲಿ ಇರುವುದು ಒಣಮೆಣಸಿನ ಪುಡಿ, ಕಾಳುಮೆಣಸು, ಬೆಳ್ಳುಳ್ಳಿ, ಈರುಳ್ಳಿ, ಉಪ್ಪು, ಜೊತೆಗೆ ಥೈಮ್ ಮತ್ತು ಒರೆಗಾನೊ ಎಂಬ ಎರಡು ಒಣ ಸೊಪ್ಪು. ಈ ಸೊಪ್ಪುಗಳಿಗಾಗಿ ಹೊಸೂರಿಗೆ ಓಡಬೇಕಾಗಿಲ್ಲ. ಥೈಮಿನ ಘಮಕ್ಕೆ ಕಾರಣವಾದ ಥೈಮಾಲ್ ಎಂಬ ಸತ್ವವೇ ನಮ್ಮ ಓಮದಲ್ಲಿದೆ. ಒರೆಗಾನೊದ ಸತ್ವ ಕಾರ್ವಕ್ರಾಲ್ ನಮ್ಮ ದೊಡ್ಡಪತ್ರೆಯಲ್ಲಿದೆ. ತಮಿಳಿನ ನೆರೆಯವರು ಕರ್ಪೂರವಳ್ಳಿ ಎನ್ನುವುದು ಇದನ್ನೇ.

ಅರ್ಧ ಕಿಲೊ ಸುಲಿದ ಸೀಗಡಿ ಅಥವಾ ಬೆರಳುದ್ದದ ಮೀನಿನ ತುಣುಕು ತೆಗೆದುಕೊಳ್ಳಿ. ಸೀಗಡಿಯ ಬೆನ್ನಿನ ಕಪ್ಪು ನರ ತೆಗೆಯಿರಿ. ಕೆರೆ ಮೀನಾದರೆ ಗಟ್ಟಿ ಹುಣಸೆ ರಸದಲ್ಲಿ ಕಾಲು ಗಂಟೆ ನೆನೆಸಿ ತೊಳೆಯಿರಿ. ಕೆಸರು ವಾಸನೆಗೆ ಕಾರಣವಾದ ಪದಾರ್ಥ ಹುಳಿಗೆ ಒಡೆದುಹೋಗುತ್ತದೆ. ಸೋಮೇಶ್ವರನ ಅಡುಗೆಯವರು ಹುಣಸೆ ಬಳಸಿದ್ದು ಸುಮ್ಮನಲ್ಲ. ಕಟ್ಲಾ, ರೋಹು ಆದರೆ ಸಣ್ಣ ಮುಳ್ಳುಗಳು ಎಣ್ಣೆಯಲ್ಲಿ ಗರಿಯಾಗುವಂತೆ ಅಡ್ಡಡ್ಡ ಹತ್ತಿರ ಹತ್ತಿರ ಗೀರು ಹಾಕಿ.

ಆರು ಎಸಳು ಬೆಳ್ಳುಳ್ಳಿ, ಒಂದು ಸಣ್ಣ ಈರುಳ್ಳಿ, ನಾಲ್ಕು ದೊಡ್ಡಪತ್ರೆ ಎಲೆ, ಅರ್ಧ ಚಮಚ ಓಮ ಇವನ್ನು ನುಣ್ಣಗೆ ಅರೆಯಿರಿ. ಎರಡು ಚಮಚ ಮೆಣಸಿನಕಾಯಿ ಪುಡಿ, ಒಂದು ಚಮಚ ಕಾಳುಮೆಣಸಿನ ಪುಡಿ, ಒಂದು ಚಮಚ ಉಪ್ಪು ಸೇರಿಸಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಅರ್ಧರ್ಧ ಮಾಡಿದರೆ ಒಳ್ಳೆಯದು. ಇದಕ್ಕೆ ಅರ್ಧ ಲೋಟ ಹುಳಿ ಮಜ್ಜಿಗೆ ಬೆರೆಸಿ, ಮೀನನ್ನು ಅರ್ಧ ಗಂಟೆ ಬಿಡಿ. ಬೇರೆ ತಟ್ಟೆಯಲ್ಲಿ ಒಂದು ಲೋಟ ಮೆಕ್ಕೆಜೋಳದ ಹಿಟ್ಟು, ಎರಡು ಚಮಚ ಅಕ್ಕಿ ಹಿಟ್ಟು, ಚಿಟಿಕೆ ಉಪ್ಪು ಕಲಸಿಡಿ. ಮೀನನ್ನು ಎತ್ತಿ, ಸುರಿಯುವ ಮಜ್ಜಿಗೆ ಇಳಿದ ಮೇಲೆ, ಹಿಟ್ಟಿನಲ್ಲಿ ಹೊರಳಿಸಿ ಹತ್ತು ನಿಮಿಷ ಹಾಗೇ ಇಡಿ. ಹಿಟ್ಟು ತೇವ ಹೀರಿ ಅಂಟಿಕೊಳ್ಳುತ್ತದೆ, ಎಣ್ಣೆಯಲ್ಲಿ ಉದುರುವುದಿಲ್ಲ.

ಕಡಲೆಕಾಯಿ ಎಣ್ಣೆ ಚೆನ್ನಾಗಿ ಕಾಯಬೇಕು, ಹೊಗೆಯಾಡಬಾರದು. ಲೆಕ್ಕ ಬೇಕೆನ್ನುವವರಿಗೆ 175ರಿಂದ 180 ಡಿಗ್ರಿ. ಲೆಕ್ಕ ಬೇಡದವರು ಚೂರು ಹಿಟ್ಟು ಹಾಕಿ ನೋಡಿ, ತಕ್ಷಣ ಮೇಲೆದ್ದು ಗುಳ್ಳೆ ಬಂದರೆ ಸರಿ. ಎಣ್ಣೆ ತಣ್ಣಗಿದ್ದರೆ ಹಿಟ್ಟು ಎಣ್ಣೆ ಕುಡಿಯುತ್ತದೆ. ಒಂದೇ ಸಲ ಬಾಣಲೆ ತುಂಬಿದರೂ ಎಣ್ಣೆ ತಣ್ಣಗಾಗುತ್ತದೆ. ನಾನು ಆತುರಪಟ್ಟು ಎಲ್ಲವನ್ನೂ ಒಟ್ಟಿಗೆ ಸುರಿದು ಮುದ್ದೆ ಮಾಡಿ ಬೈಸಿಕೊಂಡದ್ದುಂಟು. ಸೀಗಡಿಗೆ ಎರಡು ಮೂರು ನಿಮಿಷ ಸಾಕು, ಹೆಚ್ಚಾದರೆ ರಬ್ಬರು. ಮೀನಿನ ತುಣುಕಿಗೆ ನಾಲ್ಕೈದು ನಿಮಿಷ. ನಿಂಬೆಹಣ್ಣು, ಈರುಳ್ಳಿ ಜೊತೆಗೆ ಬಿಸಿಬಿಸಿಯಾಗಿ ಕೊಡಿ.

ಒಂದು ಎಚ್ಚರಿಕೆಯ ಮಾತು. ಬೆಂಗಳೂರಿನ ಕೊಳಚೆ ಸೇರಿದ ದಕ್ಷಿಣ ಪಿನಾಕಿನಿ ಹೊಸೂರಿನ ಬಳಿ ಕೆಲವರಪಳ್ಳಿ ಅಣೆಯಲ್ಲಿ ಮಳೆಗಾಲದಲ್ಲಿ ನೊರೆ ನೊರೆಯಾಗಿ ಇಳಿದದ್ದನ್ನು ನಾವೆಲ್ಲ ಈಚಿನ ವರ್ಷಗಳಲ್ಲಿ ಕಣ್ಣಾರೆ ಕಂಡಿದ್ದೇವೆ. ಹುಣಸೆ ರಸ ಕೆಸರಿನ ವಾಸನೆ ತೆಗೆದೀತು, ಕಾರ್ಖಾನೆಯ ವಿಷ ತೆಗೆಯದು. ಮೀನು ಯಾವ ನೀರಿನದೆಂದು ಕೇಳಿ ಕೊಳ್ಳಿ. ಕೇಜನ್ನರ ಕೆಂಪು ಮೀನು ಅತಿಯಾಸೆಯಿಂದ ಬರಿದಾಯಿತು, ನಮ್ಮ ಕೊರವ ಅಲಕ್ಷ್ಯದಿಂದ ಬರಿದಾಗುತ್ತಿದೆ. ಮೀನು ಹೋದರೆ ಅದರ ಹೆಸರೂ ಹೋಗುತ್ತದೆ. ನಮ್ಮೂರಿನ ಮಕ್ಕಳಿಗೆ ಈಗ ಕಟ್ಲಾ, ಜಿಲೇಬಿ ಗೊತ್ತು. ಕೊರವ, ಚೇಳು ಎಂದರೆ ಮುಖ ನೋಡುತ್ತವೆ.

ಅಳಿಯ ಹೊರಡುವ ಹಿಂದಿನ ದಿನ ಆ ಮಗು ತನ್ನ ನೋಟುಪುಸ್ತಕ ತಂದು, "ಅಜ್ಜಿ ಮಾಡಿದ್ದನ್ನ ಬರ್ಕೊಡಿ ತಾತಾ" ಎಂದಿತು. ಬೆಳ್ಳುಳ್ಳಿ, ಓಮ, ದೊಡ್ಡಪತ್ರೆ, ಮಜ್ಜಿಗೆ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಅದಕ್ಕೆ ಕನ್ನಡ ಓದಲು ಬಾರದು. ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ನನ್ನಿಂದ ಹೇಳಿಸಿಕೊಂಡಿತು. ತಲೆಬರಹದ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ. ಅಲ್ಲಿ ತಾನೇ ನೋಡಿ ನೋಡಿ ತಿದ್ದಿತು: ಕರಿದ ಮೀನು. 'ಕ'ಕಾರ ಸ್ವಲ್ಪ ಸೊಟ್ಟಗಿತ್ತು.

ಓದುಗರೇ, ನಿಮ್ಮ ಮನೆಯಲ್ಲಿಯೂ ತಾಯಿ, ಅಜ್ಜಿ ಆಡುತ್ತಿದ್ದ ಅಡುಗೆಯ ಮಾತುಗಳು ಇದ್ದಾವು. ಅವರು ಇರುವಾಗಲೇ ಕೇಳಿ ಬರೆದಿಡಿ. ಮೀನು ತಿನ್ನದವರಾದರೆ ಹಪ್ಪಳ ಸಂಡಿಗೆಯದಾದರೂ ಬರೆದಿಡಿ.